ಮಾರ್ಕೇಸಾಳ ಮೊಮ್ಮಗ

ಬೇಟೆಯ ದಿನ ಸತ್ತ ಕಾಡುಹಂದಿಗಳನ್ನೆಲ್ಲ ಎಲ್ ಕೊಲ್ಯಾದೊ ಎಸ್ಟೇಟಿನ ಸಿಮೆಂಟಿನ ಅಂಗಳದಲ್ಲಿ ಸಾಲಾಗಿ ಮಲಗಿಸುತ್ತಾರೆ. ಪಶುವೈದ್ಯೆಯಾದ ನಾನು ಒಂದೊಂದರ ದವಡೆಯ ಕೆಳಗೆ ಚಾಕು ಹಾಕಿ ಗ್ರಂಥಿಗಳನ್ನು ಸೀಳಿ ನೋಡುತ್ತೇನೆ. ಒಳಗೆ ನುಣ್ಣಗಿದ್ದರೆ ಮಾಂಸ ಅಡುಗೆಮನೆಗೆ. ಸುಣ್ಣದ ಹರಳಿನಂಥದು ಚಾಕುವಿಗೆ ತಾಗಿ ಕರಕರ ಎಂದರೆ ಕ್ಷಯ; ಹಂದಿಯನ್ನು ಗುಂಡಿ ತೋಡಿ ಹೂಳುತ್ತಾರೆ. ಇದು ನನ್ನ ಗಂಡ ಹಿನೆಸ್ ಮಾಡುತ್ತಿದ್ದ ಕೆಲಸ. ಅವನು ತೀರಿಕೊಂಡ ಮೇಲೆ ನನಗೆ ಬಂತು. ಅವನ ರಬ್ಬರ್ ಬೂಟುಗಳೂ ಬಂದವು. ಎರಡು ಜೊತೆ ಕಾಲುಚೀಲ ಹಾಕಿದರೆ ಕಾಲಿಗೆ ನಿಲ್ಲುತ್ತವೆ.

ವರ್ಷದಿಂದ ವರ್ಷಕ್ಕೆ ಕರಕರ ಹೆಚ್ಚಾಗುತ್ತಿತ್ತು.

ಎಸ್ಟೇಟಿನ ಒಡೆಯರು ದೊನ್ ಎವಾರಿಸ್ತೊ. ಅವರ ತಂದೆ ಗುಡ್ಡದ ಸುತ್ತ ಎತ್ತರದ ತಂತಿಬೇಲಿ ಹಾಕಿಸಿದ ದಿನದಿಂದ ಹೊರಗಿನ ಒಂದು ಹಂದಿಯೂ ಒಳಗೆ ಕಾಲಿಟ್ಟಿಲ್ಲ ಎನ್ನುವುದು ಅವರ ಹೆಮ್ಮೆ. ಅತಿಥಿಗಳಿಗೆ ಕುರ್ಚಿ ತೋರಿಸುವ ಮೊದಲೇ ಇದನ್ನು ಹೇಳುತ್ತಾರೆ. ಅವರ ಮನೆತನದ ರೀತಿಯೂ ಅದೇ. ಹೆಂಡತಿ ಅವರ ಚಿಕ್ಕಪ್ಪನ ಮಗಳು. ತಾಯಿ ಅವರ ತಂದೆಯ ಚಿಕ್ಕಪ್ಪನ ಮಗಳು. ಹಜಾರದ ಗೋಡೆಯ ಮೇಲಿನ ಚಿತ್ರಗಳಲ್ಲಿ ಎಲ್ಲರಿಗೂ ಒಂದೇ ಗಲ್ಲ. ಗಂಡಸರನ್ನು ಮೀಸೆಯಿಂದ ಗುರುತಿಸಬೇಕು. ಅದೂ ಎಲ್ಲ ಚಿತ್ರಗಳಲ್ಲಿ ನೆರವಾಗುವುದಿಲ್ಲ.

ಬೇಲಿಯೊಳಗೆ ಒಂದೇ ರಕ್ತ ಮತ್ತೆ ಮತ್ತೆ ಕೂಡಿ ಹಂದಿಗಳೆಲ್ಲ ಒಂದೇ ಅಚ್ಚಿನವಾಗಿವೆ, ರೋಗಕ್ಕೆ ಒಂದನ್ನು ಕೆಡವುವ ದಾರಿ ಸಿಕ್ಕರೆ ಎಲ್ಲವನ್ನೂ ಕೆಡವುತ್ತದೆ ಎಂದು ನಾನು ಅವರಿಗೆ ವಿವರಿಸಿದ್ದೆ. ಕೇಳುತ್ತ ಕೇಳುತ್ತ ಅವರು ತಮ್ಮ ಗಲ್ಲವನ್ನು ಕೈಯಿಂದ ಮುಚ್ಚಿಕೊಂಡರು. ಆಮೇಲೆ, ರೋಗ ಬಂದಿರುವುದು ಹೊರಗಿನಿಂದ, ಬಸಿಲಿಸಾಳ ಹಂದಿಯಿಂದ ಎಂದರು.

ಬಸಿಲಿಸಾ ಬೇಲಿಯ ಆಚೆಗೆ, ತೊರೆಯ ದಡದಲ್ಲಿರುವ ಮುದುಕಿ. ಊರಿನವರೆಲ್ಲ ಅವಳನ್ನು ಅತ್ತೆ ಎಂದೇ ಕರೆಯುವುದು. ಅವಳಿಗಿರುವುದು ಒಂದೇ ಸಾಕುಹಂದಿ: ಮೈಯೆಲ್ಲ ಕಪ್ಪು, ಮುಂದಿನ ಎಡಗಾಲು ಮಾತ್ರ ಕಾಲುಚೀಲ ಹಾಕಿದಂತೆ ಬಿಳಿ. ಹೆಸರು ಮಾರ್ಕೇಸಾ. ದೊನ್ ಎವಾರಿಸ್ತೊ ಅವರ ಅಜ್ಜಿ ನಿಜವಾದ ಮಾರ್ಕೇಸಾ, ಅರಸು ಬಿರುದಿನವರು. ಆ ಅಜ್ಜಿಯನ್ನು ಅಣಕಿಸಲೆಂದೇ ಆ ಹೆಸರಿಟ್ಟಿದ್ದು ಎಂದು ದೊನ್ ಎವಾರಿಸ್ತೊ ಅವರ ಗುಮಾನಿ. ಗುಮಾನಿ ಸರಿಯಾಗಿಯೇ ಇತ್ತು.

ಅವರು ಜಿಲ್ಲೆಯ ಪಶು ಇಲಾಖೆಗೆ ದೂರು ಕೊಟ್ಟರು. ಸೋಮವಾರ ವ್ಯಾನು ಬಂದು ಮಾರ್ಕೇಸಾಳನ್ನು ಕೊಲ್ಲಲು ಒಯ್ಯುವುದೆಂದು ಗೊತ್ತಾಯಿತು. ಬೇಟೆ ಅದರ ಹಿಂದಿನ ಶನಿವಾರ.

ಗುರುವಾರ ಬಸಿಲಿಸಾ ನಮ್ಮ ಮನೆಗೆ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ.

“ತಿಂದ್ಯಾ?”

“ತಿಂದೆ, ಅತ್ತೆ.”

“ಸುಳ್ಳು ಹೇಳ್ಬೇಡ. ಒಲೆ ನನ್ನ ಗಂಡನ ಗೋರಿ ಥರ ತಣ್ಣಗಿದೆ.” ತಟ್ಟೆಯನ್ನು ನನ್ನ ಮುಂದಿಟ್ಟಳು. “ನನ್ನ ಹೆಣ್ಣಿನ ರಕ್ತ ನೋಡಿದ್ಯಲ್ಲ. ಏನಂತೆ?”

“ಏನೂ ಇಲ್ಲ. ಮಾರ್ಕೇಸಾ ನಿಮಗಿಂತ ಗಟ್ಟಿಯಾಗಿದ್ದಾಳೆ.”

“ಮತ್ತೆ ಹೋಗಿ ಹೇಳು ಇಲಾಖೆಯವರಿಗೆ.”

ಹೇಳಿದ್ದೆ. ಬೇಲಿಯ ಪಕ್ಕ ಬಿಟ್ಟು ಸಾಕಿದ ಹಂದಿಯ ಮೇಲೆ ದೂರು ಬಂದರೆ ಆರೋಗ್ಯವಾಗಿದ್ದರೂ ಒಯ್ಯಬೇಕು, ತಪ್ಪಿಸಬೇಕೆಂದರೆ ಕೊಟ್ಟವರೇ ದೂರನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಇಲಾಖೆಯವರು ತಿಳಿಸಿದ್ದರು. ದೊನ್ ಎವಾರಿಸ್ತೊ ತೆಗೆದುಕೊಳ್ಳುವವರಲ್ಲ. ಇನ್ನೊಂದು ವಿಷಯವನ್ನೂ ಬಸಿಲಿಸಾಗೆ ಹೇಳಿದೆ. ಎಸ್ಟೇಟಿನಲ್ಲಿ ತೊರೆಯ ಕಡೆಯ ಹಂದಿಗಳಿಗೆ ಮಾತ್ರ ರೋಗ ಅಷ್ಟಾಗಿ ತಗುಲಿಲ್ಲ. ಅವುಗಳ ವಂಶವಾಹಿಯಲ್ಲಿ ಸಾಕುಹಂದಿಯ ಪಾಲಿದೆ.

ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಕೆಲವು ವರ್ಷಗಳ ಹಿಂದೆ ಮಾರ್ಕೇಸಾ ಬೇಲಿಯ ಸಂದಿಯಲ್ಲಿ ನುಗ್ಗಿ ಚಳಿಗಾಲವಿಡೀ ಕಾಣೆಯಾಗಿದ್ದಳು. ಬೇಸಿಗೆಗೆ ಬಡಕಲಾಗಿ, ಜೋತ ಮೊಲೆಗಳೊಂದಿಗೆ ಒಬ್ಬಳೇ ಮರಳಿದಳು.

“ಒಳಗೇ ಹೆತ್ತು ಬಂದವಳೆ, ಮಕ್ಕಳು ಅಲ್ಲೇ ಉಳಿದವೆ ಅಂತ ಆವಾಗ್ಲೇ ಹೇಳ್ದೆ,” ಅಂದಳು. “ದೊಡ್ಡ ಮನೆ ಗಂಡು ನಿಮ್ಮ ಹೆಣ್ಣಿನ ಕಡೆ ಕಣ್ಣೆತ್ತಿ ನೋಡತ್ತಾ ಅತ್ತೆ ಅಂತ ಎಸ್ಟೇಟಿನ ಆ ಕಾವಲಿನ ಸೆನೆನ್ ನಕ್ಕ. ಇದನ್ನ ನೀನು ಯಜಮಾನರಿಗೆ ಹೇಳಿದ್ಯಾ?”

“ಹೇಳಿದೆ. ಈ ಮನೆಯಲ್ಲಿ ಆ ಮಾತು ಇನ್ನೊಂದ್ಸಲ ಆಡಬೇಡಿ ಅಂದ್ರು.”

“ಮನೇಲಿ ಬೇಡ ಅಂದ್ರಾ?” ಬಸಿಲಿಸಾ ತಟ್ಟೆಯ ಮೇಲಿನ ಬಟ್ಟೆ ತೆಗೆದು ಮಡಿಚಿದಳು. “ಸರಿ. ಮನೇಲಿ ಬೇಡ ಬಿಡು.”

ಶನಿವಾರ ಬೆಳಿಗ್ಗೆ ಎಂದಿನಂತೆ ಎಲ್ಲರೂ ಬಾಣಲೆಯ ಸುತ್ತ ನಿಂತು ಬೆಳ್ಳುಳ್ಳಿ ಹಾಕಿ ಹುರಿದ ಬ್ರೆಡ್ ಪುಡಿ ತಿಂದರು. ಚೀಟಿ ಎತ್ತಿ ಯಾರು ಎಲ್ಲಿ ಬಂದೂಕು ಹಿಡಿದು ಕೂರಬೇಕೆಂದು ನಿರ್ಧರಿಸಿದರು. ದೊನ್ ಎವಾರಿಸ್ತೊ ಅವರ ಹೊಸ ಅಳಿಯ, ಮ್ಯಾಡ್ರಿಡ್‌ನ ವಕೀಲ ತಾಂಕ್ರೆದೊಗೆ ತೊರೆಯ ಪಕ್ಕದ ಜಾಗ ಬಂತು. ಅವನ ಜಾಕೆಟ್ಟಿನಲ್ಲಿ ಅಂಗಡಿಯ ಮಡಿಕೆ ಇನ್ನೂ ಹೋಗಿರಲಿಲ್ಲ. ಬಂದೂಕಿನ ಸದ್ದಿಗೆ ಬೆಚ್ಚಿ ಕಣ್ಣು ಮುಚ್ಚಿಕೊಂಡೇ ಗುಂಡು ಹಾರಿಸಿದನೆಂದು ಬೇಟೆನಾಯಿಗಳನ್ನು ಬಿಟ್ಟು ಹಂದಿ ಎಬ್ಬಿಸುವ ನಾಯಿಯವರು ಆಮೇಲೆ ಹೇಳಿದರು. ಆದರೂ ಆ ದಿನದ ಅತಿ ದೊಡ್ಡ ಗಂಡುಹಂದಿ ಬಿದ್ದದ್ದು ಅವನ ಮುಂದೆಯೇ.

ಅಂಗಳದಲ್ಲಿ ನಾನು ಚಾಕು ಹಿಡಿದು ಸಾಲಿನುದ್ದಕ್ಕೂ ಹೋದೆ. ಕರಕರ, ಕರಕರ, ಕರಕರ. ಕೊನೆಗೆ ಅಳಿಯನ ಹಂದಿ. ಚಾಕು ಸದ್ದಿಲ್ಲದೆ ಇಳಿಯಿತು. ಆ ದಿನ ಶುದ್ಧವಾಗಿದ್ದದ್ದು ಅದೊಂದೇ. ಅದರ ಮುಂದಿನ ಎಡಗಾಲಿಗೆ ಕೆಸರು ಮೆತ್ತಿತ್ತು. ನೀರು ಹಾಕಿ ತೊಳೆದೆ.

ದೊನ್ ಎವಾರಿಸ್ತೊ ಆಗಲೇ ಅದರ ತಲೆಯ ಪಕ್ಕ ಕೂತು, ಕೋರೆಯ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡಿದ್ದರು. ನಮ್ಮ ಬೇಲಿಯ ರಕ್ತ ಅಂದರೆ ಇದು, ಎಂದು ಅತಿಥಿಗಳನ್ನೆಲ್ಲ ಒಬ್ಬೊಬ್ಬರಾಗಿ ಕರೆದು ತೋರಿಸಿದ್ದರು. ಕಾಲಿನ ಕಡೆ ಯಾರೂ ನೋಡಿರಲಿಲ್ಲ.

ಮೊದಲ ಬಾರಿಗೆ ಹಂದಿ ಹೊಡೆದವನನ್ನು ಇಲ್ಲಿ ಮದುಮಗ ಅನ್ನುತ್ತಾರೆ. ಬಿಸಿಲು ಇಳಿಯುವ ಮುಂಚೆ ಅಂಗಳದಲ್ಲೇ ಅವನ ಮೇಲೆ ನ್ಯಾಯಾಲಯ ಕೂಡುತ್ತದೆ. ಎಲ್ಲ ತಮಾಷೆಗೇ. ಆದರೆ ತೀರ್ಪು ತಮಾಷೆಯಲ್ಲ; ಏನು ಹೇಳಿದರೂ ನಡೆಯಲೇಬೇಕು. ದೊನ್ ಎವಾರಿಸ್ತೊ ಅವರ ತಂದೆಗೆ ರೊಟ್ಟಿಯಂಗಡಿಯವನನ್ನು ಹೊತ್ತು ತೊರೆ ದಾಟುವ ಶಿಕ್ಷೆಯಾದಾಗ ಕಾಲೂದಿದ್ದರೂ ದಾಟಿಸಿದ್ದರಂತೆ. ಆ ಮನೆಯವರು ಕೊಟ್ಟ ಮಾತಿಗೆ ತಪ್ಪಿದರೂ ಆ ನ್ಯಾಯಾಲಯದ ಮಾತಿಗೆ ತಪ್ಪುವುದಿಲ್ಲ.

ನ್ಯಾಯಾಧೀಶರು ಯಾವಾಗಲೂ ದೊನ್ ಎವಾರಿಸ್ತೊ. ಅಮ್ಮನ ಕಪ್ಪು ಶಾಲು ಹೊದ್ದು, ಮೇಜಿನ ಮೇಲೆ ಸೌಟು ಕುಟ್ಟಿದರು. ಕಾವಲಿನ ಸೆನೆನ್ ಫಿರ್ಯಾದಿಯ ವಕೀಲ. ಕಣ್ಣು ಮುಚ್ಚಿ ಗುಂಡು ಹಾರಿಸಿ ಪಕ್ಕದ ಮರಕ್ಕೆ ಜೀವಭಯ ಉಂಟುಮಾಡಿದ್ದು ಮೊದಲ ಆರೋಪ ಅಂದ. ತಾಂಕ್ರೆದೊ ಮೊಣಕಾಲೂರಿ ತಲೆಯಾಡಿಸಿದ. ಆಮೇಲೆ ಸೆನೆನ್ ಪ್ರತಿ ವರ್ಷ ಕೇಳುವ ಪ್ರಶ್ನೆ ಕೇಳಿದ.

“ಸತ್ತವನಿಗೆ ಬಂಧುಬಳಗ ಯಾರಾದ್ರೂ ಇದಾರಾ?”

ಪ್ರತಿ ವರ್ಷ ನಾಯಿಯವರಲ್ಲಿ ಒಬ್ಬ ತಲೆಗೆ ಟವೆಲ್ ಹಾಕಿಕೊಂಡು ಹೆಣ್ಣುದನಿಯಲ್ಲಿ ಅಳುತ್ತಾನೆ. ಈ ಸಲವೂ ಅವನು ಟವೆಲ್ ಸರಿಮಾಡಿಕೊಳ್ಳುತ್ತಿದ್ದ.

“ಇದೀವಿ,” ಅಂದಳು ಬಸಿಲಿಸಾ.

ಗೇಟಿನಲ್ಲಿ ನಿಂತಿದ್ದಳು. ಹಬ್ಬದ ಲಂಗ, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಮಾರ್ಕೇಸಾ. ಜನ ನಕ್ಕು ದಾರಿ ಬಿಟ್ಟರು. ಮಾರ್ಕೇಸಾ ನಿಧಾನವಾಗಿ ನಡೆದು ಬಂದು ಸತ್ತ ಹಂದಿಯನ್ನು ಮೂಸಿ ಅದರ ಪಕ್ಕ ನಿಂತಳು. ಒಂದು ಬಿಳಿ ಕಾಲು. ಅದರ ಪಕ್ಕ ಇನ್ನೊಂದು ಬಿಳಿ ಕಾಲು.

ನಗು ಮುಂದಿನ ಸಾಲಿನಲ್ಲಿ ನಿಂತಿತು. ಹಿಂದಿನವರಿಗೆ ಕಾಲು ಕಾಣದೆ ಸ್ವಲ್ಪ ಹೊತ್ತು ನಕ್ಕರು.

“ಇವನ ಅಜ್ಜಿ ಇವಳು,” ಅಂದಳು ಬಸಿಲಿಸಾ. “ಒಬ್ಬನೇ ಮೊಮ್ಮಗ ಅಂತ ಹೇಳಲ್ಲ ಸ್ವಾಮಿ. ಒಳಗೆ ಇನ್ನೂ ಎಷ್ಟವೆಯೋ.”

ವಯಸ್ಸಾದ ಹಂದಿಗೆ ಕಾಲು ಬಿಳುಪೇರುವುದುಂಟು ಎಂದು ಸೆನೆನ್ ಗೊಣಗಿದ. ಒಂದೇ ಕಾಲಿಗಾ ಎಂದು ಯಾರೋ ಕೇಳಿದರು. ದೊನ್ ಎವಾರಿಸ್ತೊ ಸೌಟು ಕುಟ್ಟಿ ನನ್ನ ಕಡೆ ತಿರುಗಿದರು. ತುಟಿಯಲ್ಲಿ ನ್ಯಾಯಾಧೀಶರ ನಗು ಇನ್ನೂ ಇತ್ತು. ಕಣ್ಣುಗಳು ಬೇಡ ಎನ್ನುತ್ತಿದ್ದವು.

“ಡಾಕ್ಟರಮ್ಮ, ನ್ಯಾಯಾಲಯಕ್ಕೆ ನಿಜ ಹೇಳಬೇಕು. ಈ ಮಹಿಳೆ ಹೇಳ್ತಿರೋದು ಆಗೋ ಮಾತಾ?”

ಇದು ಅವರ ಮನೆಯಲ್ಲ, ನ್ಯಾಯಾಲಯ ಎಂದು ನನಗೆ ಹೊಳೆದದ್ದು ಆಗ.

“ಇವನೊಬ್ಬನ ವಿಷಯ ರಕ್ತ ನೋಡದೆ ಆಣೆಯಿಟ್ಟು ಹೇಳಕ್ಕಾಗಲ್ಲ,” ಅಂದೆ. “ತೊರೆ ಕಡೆಯ ಹಂದಿಗಳಲ್ಲಿ ಸಾಕುಹಂದಿ ರಕ್ತ ಇರೋದು ನಿಜ. ರೋಗ ಕಡಿಮೆ ಇರೋದೂ ಅವಕ್ಕೇ. ಇವತ್ತು ಸಾಲಿನಲ್ಲಿ ಶುದ್ಧವಾಗಿದ್ದವನು ಇವನೊಬ್ಬನೇ.”

“ಸಾಕುಹಂದಿ ರಕ್ತ ಅಷ್ಟು ಶ್ರೇಷ್ಠವೋ?”

“ಶ್ರೇಷ್ಠ ಅಂತಲ್ಲ, ದೊನ್ ಎವಾರಿಸ್ತೊ. ಇವನ ಅಪ್ಪ ಅಮ್ಮ ದಾಯಾದಿಗಳಲ್ಲ. ಅಷ್ಟೇ.”

ಯಾರೂ ನಗಲಿಲ್ಲ. ಊರಿನವರೆಲ್ಲ ಬಹಳ ಕಷ್ಟಪಟ್ಟು ನೆಲ ನೋಡುತ್ತಿದ್ದರು. ದೊನ್ ಎವಾರಿಸ್ತೊ ತಮ್ಮ ಗಲ್ಲ ಉಜ್ಜಿಕೊಂಡರು. ಆ ಹಂದಿ ತಮ್ಮದಲ್ಲ ಎನ್ನುವ ಹಾಗಿರಲಿಲ್ಲ. ಅದರ ಕೋರೆ ಹಿಡಿದ ಫೋಟೋ ಆಗಲೇ ಎಲ್ಲರ ಫೋನಿನಲ್ಲಿತ್ತು. ಸಂಬಂಧ ಸುಳ್ಳು ಎನ್ನುವ ಹಾಗೂ ಇರಲಿಲ್ಲ. ಎರಡು ಕಾಲುಗಳು ಪಕ್ಕಪಕ್ಕದಲ್ಲೇ ಇದ್ದವು. ಅವರು ಬಹಳ ಹೊತ್ತು ಶಾಲಿನ ಅಂಚು ಮಡಿಚಿದರು, ಬಿಡಿಸಿದರು. ಆಮೇಲೆ ಸೌಟು ಎತ್ತಿದರು.

“ಮದುಮಗ ಸತ್ತವನ ಅಜ್ಜಿಯ ಕಾಲಿಗೆ ಬಿದ್ದು ಕ್ಷಮೆ ಕೇಳಬೇಕು.”

ತಾಂಕ್ರೆದೊ ಮಾವನ ಮುಖ ನೋಡಿದ, ಮಾರ್ಕೇಸಾಳ ಮುಖ ನೋಡಿದ, ಬಗ್ಗಿ ಬಿಳಿ ಕಾಲಿಗೆ ಮುತ್ತಿಟ್ಟ. ಅವಳು ಅವನ ಹೊಸ ಜಾಕೆಟ್ಟಿನ ಗುಂಡಿಯೊಂದನ್ನು ತಿಂದಳು. ಈಗ ಅಂಗಳವೇ ಹಾರಿಹೋಗುವಂತೆ ಜನ ನಕ್ಕರು. ನನಗೂ ಗಂಟಲಲ್ಲಿ ಏನೋ ಅಲುಗಿತು. ಕೆಮ್ಮು ಅಂದುಕೊಂಡೆ. ಕೆಮ್ಮಲ್ಲ, ನಗು.

ಬಸಿಲಿಸಾ ಮಾತ್ರ ನಗಲಿಲ್ಲ. “ಮತ್ತೆ ಸೋಮವಾರ?” ಅಂದಳು.

ದೊನ್ ಎವಾರಿಸ್ತೊ ಅವಳ ಕಡೆ ನೋಡದೆ ಹೇಳಿದರು:

“ಮೃತನ ಅಜ್ಜಿ ಸೂತಕದಲ್ಲಿದ್ದಾಳೆ. ಸೂತಕದ ಮನೆಗೆ ಯಾರೂ ಹೋಗಿ ತೊಂದರೆ ಕೊಡಕೂಡದು. ಒಂದು ವರ್ಷ. ವರ್ಷದೊಳಗೆ ಇನ್ನೊಬ್ಬ ಮೊಮ್ಮಗ ಹೋದರೆ ಅಲ್ಲಿಂದ ಇನ್ನೊಂದು ವರ್ಷ.” ಸೌಟು ಕುಟ್ಟಿದರು.

ದೂರನ್ನು ಅಲ್ಲಿಂದಲೇ ಫೋನು ಮಾಡಿ ಹಿಂದಕ್ಕೆ ತೆಗೆದುಕೊಂಡರು. ಕಾರಣ ಕೇಳಿದವರಿಗೆ ಏನು ಹೇಳಿದರೋ ಗೊತ್ತಿಲ್ಲ. ನನಗೆ ಕೇಳಿಸಿದ್ದು ಕೌಟುಂಬಿಕ ಎಂಬ ಒಂದು ಮಾತು.

ಜನ ಊಟಕ್ಕೆ ಎದ್ದರು. ನಾನು ಬಕೆಟ್ಟಿನಲ್ಲಿ ಚಾಕು ತೊಳೆಯುತ್ತಿದ್ದಾಗ ಬಸಿಲಿಸಾ ಹಗ್ಗ ಎಳೆದುಕೊಂಡು ಬಂದಳು. ನನ್ನ ಕತ್ತಿನ ಕಪ್ಪು ಸ್ಕಾರ್ಫನ್ನು ಎರಡು ಬೆರಳಲ್ಲಿ ಹಿಡಿದಳು. ಹಿನೆಸ್ ಹೋದಂದಿನಿಂದ ಅದನ್ನು ಬಿಚ್ಚಿರಲಿಲ್ಲ.

“ತೆಗಿ,” ಅಂದಳು.

“ಯಾಕೆ, ಅತ್ತೆ?”

“ಸೂತಕ ಅಂದ್ಮೇಲೆ ನೋಡೋರಿಗೆ ಕಾಣಬೇಡ್ವಾ? ನೀನು ಹಾಕಿದ್ದು ಸಾಕು. ಈಗ ಇವಳಿಗೆ ಬೇಕು.”

ಬಿಚ್ಚಿ ಕೊಟ್ಟೆ. ಅವಳು ಅದನ್ನು ಮಾರ್ಕೇಸಾಳ ಕತ್ತಿಗೆ ಕಟ್ಟಿದಳು. ಇಬ್ಬರೂ ಗೇಟು ದಾಟಿ, ಬೇಲಿಯ ಪಕ್ಕದ ಹಾದಿ ಹಿಡಿದು ನಿಧಾನವಾಗಿ ಹೋದರು. ನನ್ನ ಕತ್ತಿಗೆ ಗಾಳಿ ತಣ್ಣಗೆ ತಾಗಿತು.

ಬುಧವಾರದ ಹೊತ್ತಿಗೆ ಮಾರ್ಕೇಸಾ ಅದರಲ್ಲಿ ಅರ್ಧ ತಿಂದಿದ್ದಳು. ಉಳಿದರ್ಧವನ್ನು ನಾನು ವಾಪಸ್ ಕೇಳಲಿಲ್ಲ.