ಇಪ್ಪತ್ತನಾಲ್ಕು ಚೌಕಗಳು

ಶಾಲೆಯ ಉದ್ದನೆಯ ಗೋಡೆಗೆ ಮಕ್ಕಳೆಲ್ಲ ಸೇರಿ ಚಿತ್ರ ಬರೆಯಬೇಕು, ನಾನು ಮಾರ್ಗದರ್ಶನ ಮಾಡಬೇಕು ಎಂದು ಹೆಡ್‌ಮೇಡಂ ಅಪ್ಪಣೆ ಕೊಡಿಸಿದರು. ಮಾರ್ಗದರ್ಶನವಂತೆ! ಇಪ್ಪತ್ತೆರಡು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿ ಸವೆದವನು ನಾನು. ಆ ಗೋಡೆಯ ಮೇಲೆ ನನ್ನ ಚಿತ್ರ ಬರಬೇಕೆಂದು ಅಷ್ಟೂ ವರ್ಷ ಆಸೆಪಟ್ಟಿದ್ದೇನೆ. ಮೀಸೆ ಚಿಗುರದ ಈ ಪುಂಡರು ಬರೆದು ಕಿಸಿಯುವುದೇನು?

ಇಪ್ಪತ್ತನಾಲ್ಕು ಜನ ಒಂದು ವಾರ ಗುಸುಗುಸು ಮಾಡಿ ದೊಡ್ಡ ಚಾರ್ಟ್ ಶೀಟಿನಲ್ಲಿ ಏನೋ ಗೀಚಿ ತಂದರು. ಅವರ ಮುಂದಾಳು, ಸ್ಟಾಫ್‌ರೂಮಿನಲ್ಲಿ ನಾವು ಮೆಣಸಿನಕಾಯಿ ಎನ್ನುವ ಹುಡುಗಿ, ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ಸರ್, ನಾವೆಲ್ಲ ಸೇರಿ ಮಾಡಿದ್ದು. ಒಂದ್ಸಲ ನೋಡಿ."

"ನೋಡೋಕೇನಿದೆ ಅದ್ರಲ್ಲಿ? ಇಟ್ಟು ಹೋಗು."

ನೋಡಲಿಲ್ಲ. ಹಾಳೆ ಮಾತ್ರ ದಪ್ಪಗಿತ್ತು. ಮಗುಚಿ ಹಾಕಿ ಖಾಲಿ ಬದಿಯಲ್ಲಿ ನನ್ನ ಚಿತ್ರ ಬರೆದೆ: ಉದಯಿಸುವ ಸೂರ್ಯ, ತೆರೆದ ಪುಸ್ತಕ, ಪಾರಿವಾಳ. ಇಪ್ಪತ್ತನಾಲ್ಕು ಚೌಕ ಮಾಡಿ, ನಂಬರ್ ಹಾಕಿ, ಕತ್ತರಿಸಿ ತಲೆಗೊಂದು ಹಂಚಿದೆ. ಕೈಯಲ್ಲಿರುವ ಚೌಕವನ್ನು ಗೋಡೆಯ ಮೇಲೆ ದೊಡ್ಡದು ಮಾಡಿದರಾಯಿತು, ಅದಕ್ಕೆ ಬುದ್ಧಿ ಬೇಕಿಲ್ಲ. ಇಡೀ ಚಿತ್ರ ಕಂಡರೆ ತಕರಾರು ತೆಗೆದಾರೆಂದು, ಮುಗಿದ ಚೌಕಕ್ಕೆಲ್ಲ ಹಳೆ ಪೇಪರ್ ಹೊದಿಸಲು ಹೇಳಿ ದೂರದ ನೆರಳಿನಲ್ಲಿ ಕೂತೆ.

ಮೊದಲ ದಿನವೇ ಒಂದನೇ ನಂಬರಿನ ಮೆಣಸಿನಕಾಯಿ ಗೋಡೆಯ ಬಲತುದಿಯಲ್ಲಿ ನಿಂತಿದ್ದಳು.

"ಒಂದು ಎಡದಿಂದ ಶುರುವಾಗತ್ತೆ. ಎಡ ಬಲನೂ ಗೊತ್ತಿಲ್ವೇನೇ?" ಎಂದು ಕೂತಲ್ಲಿಂದಲೇ ಕೂಗಿದೆ.

"ಗೊತ್ತು ಸರ್," ಎಂದು ನಕ್ಕಳು. ಹಲ್ಲು ಕಿರಿಯುವುದೊಂದು ಚೆನ್ನಾಗಿ ಬರುತ್ತದೆ ಎಂದುಕೊಂಡೆ. ಎದ್ದು ಹೋಗಿ ನೋಡಲಿಲ್ಲ.

ಅನಾವರಣದ ದಿನ ನನ್ನ ಭಾವಮೈದುನನನ್ನೂ ಕರೆಸಿದ್ದೆ. ನನ್ನ ಚಿತ್ರ ಕಂಡರೆ ಸದಾ ಮೂಗು ಮುರಿಯುವ ಆಸಾಮಿ, ಇವತ್ತಾದರೂ ಬಾಯಿ ಮುಚ್ಚಲಿ ಎಂದು. ಮಕ್ಕಳು ಪೇಪರ್ ಕಿತ್ತರು. ಸೂರ್ಯನಿಲ್ಲ, ಪಾರಿವಾಳವೂ ಇಲ್ಲ. ಒಂದು ತರಗತಿ. ಇಪ್ಪತ್ತನಾಲ್ಕು ಮುಖಗಳು, ಮುಂದೆ ಚಾಚಿದ ಕೈಗಳಲ್ಲಿ ಒಂದೊಂದು ಹಾಳೆ. ಅವರೆದುರು, ಬೋರ್ಡಿನ ಕಡೆ ತಿರುಗಿ ನಿಂತ ಒಬ್ಬ ಗಂಡಸಿನ ಬೆನ್ನು.

ಕಳ್ಳರು ತುಂಡುಗಳನ್ನು ಮಗುಚಿ ತಮ್ಮ ಚಿತ್ರವನ್ನೇ ಬರೆದಿದ್ದರು. ಮಗುಚಿದರೆ ಒಂದನೇ ಚೌಕ ಬಲಕ್ಕೆ ಹೋಗುತ್ತದೆ. ಅಷ್ಟು ಅವರಿಗೆ ಹೊಳೆದಿತ್ತು, ನನಗೆ ಹೊಳೆಯಲಿಲ್ಲ.

"ಭಾವ, ಇದು ನೀವೇ ಅಲ್ವಾ?" ಎಂದ ಭಾವಮೈದುನ, ಎಲ್ಲರಿಗೂ ಕೇಳುವಂತೆ. "ಹೊಲಿಗೆ ಬಿಟ್ಟ ಕಾಲರ್ ನೋಡಿ. ಥೇಟ್ ನೀವೇ!"

ಕತ್ತಿನ ಹಿಂದೆ ಕೈ ಹಾಕಿ ನೋಡಿಕೊಂಡೆ. ಹೊಲಿಗೆ ಬಿಟ್ಟಿತ್ತು. ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಆ ಬೆನ್ನಿನಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ಹಾಳಾದವರು ಎಲ್ಲಿ ಕಲಿತರೋ. ನಾನಂತೂ ಕಲಿಸಿರಲಿಲ್ಲ.