ಲೈನಿನ ಕೊನೆಯ ಪ್ಲಗ್ಗು

ಲಾಂಡ್ರಿಯ ಹಿಂಭಾಗದ ಇಸ್ತ್ರಿ ಕೋಣೆಗೆ ಯಾರೂ ಕಾಲಿಡುವುದಿಲ್ಲ. ಬಟ್ಟೆಯ ಗಂಟನ್ನೂ ಬಾಗಿಲಿಂದಲೇ ಎಸೆದು ಹೋಗುತ್ತಾರೆ. ಇಸ್ತ್ರಿಯವಳು ಅಲ್ಲೇ ದುಡಿದು ಅಲ್ಲೇ ಮಲಗುತ್ತಾಳೆ. ವೈರಿಂಗ್ ತಪಾಸಣೆಗೆ ಬಂದವರೆಲ್ಲ ಮೇನ್ ಬೋರ್ಡಿನ ಪಕ್ಕದ ಪ್ಲಗ್ಗಿಗೆ ಮೀಟರು ಚುಚ್ಚಿ, ಯಜಮಾನನ ಟೀ ಕುಡಿದು ಹೋಗುತ್ತಿದ್ದರು. ಈ ಸಲ ಬಂದ ಹೆಂಗಸು ಮಾತ್ರ ಲೈನಿನ ತುದಿ ಹುಡುಕಿಕೊಂಡು ಬಂದು, ಇಸ್ತ್ರಿಯ ಪ್ಲಗ್ಗಿಗೇ ಮೀಟರು ಹಚ್ಚಿದಳು.

"ಕೂತ್ಕೋ ತಂಗಿ. ಮಾತಿಗೆ ನಂಗಿರೋದು ಈ ಇಸ್ತ್ರಿಪೆಟ್ಟಿಗೆ ಒಂದೇ. ಪುಣ್ಯಕ್ಕೆ ಎದುರುತ್ತರ ಕೊಡಲ್ಲ."

ಮೀಟರಿನಲ್ಲಿ ಲೈನಿನ ತಡೆ, ಅಂದರೆ ರೆಸಿಸ್ಟೆನ್ಸು, ವಿಪರೀತ ಹೆಚ್ಚಿತ್ತು.

"ಅಕ್ಕಾ, ಪೆಟ್ಟಿಗೆ ಮೈಗೆ ಕರೆಂಟ್ ಹರಿದ್ರೂ ಬ್ರೇಕರ್ ತಕ್ಷಣ ಬೀಳಲ್ಲ. ನೀವು ಅದಕ್ಕೇ ಅಂಟ್ಕೊಂಡು ಸಾಯ್ತೀರಿ. ಲೈನ್ ಕಡಿಬೇಕು."

"ಕಡಿದ್ರೆ ಯಜಮಾನ ಈ ಕೋಣೆಗೆ ಬೀಗ ಹಾಕ್ತಾನೆ. ನಾನೆಲ್ಲಿಗೆ ಹೋಗ್ಲಿ? ಸರಿಯಿದೆ ಅಂದ್ಬಿಡು."

ತಪಾಸಣೆಯವಳು ತಂತಿಯ ಜಾಡು ಹಿಡಿದು ಮುಂಭಾಗಕ್ಕೆ ನಡೆದಳು. ಯಜಮಾನನ ಫ್ಯಾನಿಗೂ ವಾಷಿಂಗ್ ಮೆಷಿನ್ನುಗಳಿಗೂ ಅದೇ ಸಪೂರ ತಂತಿ. ಕೆಟ್ಟಿರುವುದು ಕೋಣೆಯಲ್ಲ, ಇಡೀ ಲೈನು. ಅವಳು ಮೇನ್ ಇಳಿಸಿ ಸೀಲು ಬಿಗಿದಳು.

ಇಸ್ತ್ರಿಯವಳೇ ಚಾಡಿ ಹೇಳಿರಬೇಕೆಂದು ಯಜಮಾನ ಬೈಯುತ್ತ ಕೋಣೆಯ ಹೊಸ್ತಿಲಿಗೆ ಬಂದ.

"ಬೀಗ ಹಾಕೋದಾದ್ರೆ ಇಡೀ ಲಾಂಡ್ರಿಗೇ ಹಾಕ್ಬೇಕಂತೆ ಯಜಮಾನ್ರೇ," ಎಂದಳು ಇಸ್ತ್ರಿಯವಳು. "ತಂತಿ ಬದಲಾಯಿಸೋ ತನಕ ಇಬ್ರಿಗೂ ಕೆಲ್ಸ ಇಲ್ಲ. ಒಳಗೆ ಬನ್ನಿ."

ಅವನು ಬರಲಿಲ್ಲ. ವೈರಿಂಗಿನವನಿಗೆ ಫೋನು ಮಾಡುತ್ತ ಅಲ್ಲಿಂದಲೇ ತಿರುಗಿದ. ಅಷ್ಟರಲ್ಲಿ ಅವಳು ಚಾಪೆ ಸರಿಸಿ ಅವನಿಗೆ ಕೂರಲು ಜಾಗ ಮಾಡಿಬಿಟ್ಟಿದ್ದಳು.