ಗ್ವಾಡಿ ಆಚೆ ಅಪ್ಪ

ನನ್ನ ತಮ್ಮ ಬಸವಲಿಂಗನ ತಲಿಯಾಗ ಏನ ತುಂಬೈತೋ ಆ ಶಿವನಿಗೇ ಗೊತ್ತು. ಕಲ್ಲೋಳಿ ರಸ್ತೆ ಬಾಜೂಕ ನಮ್ಮ ಹೊಲ ಇತ್ತು. ಮೂಡಲಗಿ ಬೆಳಕೋತ ಬೆಳಕೋತ ಅಲ್ಲೀಮಟಾ ಬಂತು. ಇಂವ ಹೊಲ ಎಲ್ಲಾ ಪ್ಲಾಟ್ ಮಾಡಿ, ನಡಬರಕ ಡಾಂಬರ್ ರಸ್ತೆ ಹಾಕಿಸಿದ. ಅಪ್ಪನ ಸಮಾಧಿ ಇದ್ದ ಎರಡ ಗುಂಟೆ ಮಾತ್ರ ಹಿಂದ ಉಳಿಸಿದ. ಅದರ ಆಚೆ ಬಾಜೂ ಹೊಲದ ದುಂಡೇಶನ ಲೇಔಟು. ಇವರ ರಸ್ತೆ, ಅವರ ರಸ್ತೆ ಎದುರಾಬದರು. ಕೂಡಿಸಿದ್ರ ನೆಟ್ಟಗ ಒಂದಾ ರಸ್ತೆ ಆಗತಿತ್ತು. ಆದ್ರ ನಮ್ಮ ಸಾಹುಕಾರ ರಸ್ತೆ ತುದಿಗೆ ಆಳೆತ್ತರದ ಗ್ವಾಡಿ ಕಟ್ಟಿಸಿಬಿಟ್ಟ, ಸಮಾಧಿ ಆಚೆ ಉಳೀತು.

"ಅವರ ಗಾಡಿ ನಮ್ಮ ರಸ್ತೆದಾಗ ಯಾಕ ಬರಬೇಕ? ಬಂದ್ ಲೇಔಟ್ ಅಂದ್ರ ರೇಟ್ ಬರತೈತಿ ಅಕ್ಕಾ, ನಿನಗ ತಿಳಿಯೂದಿಲ್ಲ" ಅಂದ.

ನನಗ ತಿಳಿಯೂದಿಲ್ಲಂತ! ಯಮಕನಮರಡಿಯಾಗ ಹೈವೇ ಬಾಜೂಕ ಅಂಗಡಿ ಇಟ್ಟಾಕಿ ನಾನು.

ನಮ್ಮವ್ವ ಶಿವಗಂಗವ್ವ ದಿನಾ ಸಂಜಿಕ ಅಪ್ಪನ ಸಮಾಧಿಗೆ ಹೋಗಿ ಇಬತ್ತಿ ಹಚ್ಚಿ, ಎರಡ ಹೂ ಇಟ್ಟು ಬರಾಕಿ. ಹಿಂಗ ಹೋಗಿ ಹಂಗ ಬರೂವಷ್ಟು ದೂರ. ಗ್ವಾಡಿ ಬಂದಮ್ಯಾಲೆ ದೊಡ್ಡ ರಸ್ತೆಗೆ ಹೋಗಿ, ಕಬ್ಬಿನ ಟ್ರ್ಯಾಕ್ಟರ್ ನಡುವ ಜೀವ ಕೈಯಾಗ ಹಿಡಕೊಂಡು, ದುಂಡೇಶನ ಲೇಔಟ್ ಸುತ್ತಿ ಬರಬೇಕು. ಮೊದಲಾ ಮೊಣಕಾಲು ನೋವಿನ ಮುದುಕಿ. "ಒಂದ ಆಳು ನುಸುಳುವಷ್ಟು ಬಾಗಲಾ ಬಿಡೋ ಯಪ್ಪಾ" ಅಂತ ಮಗನಿಗೆ ಕೈ ಮುಗದು ಕೇಳಿದಳು.

"ಒಬ್ಬರಿಗೆ ಬಿಟ್ರ ಊರಿಗೂರ ಬರತೈತಿ. ನಾ ಕಾರಿನ್ಯಾಗ ಕರಕೊಂಡ ಹೋಗತೇನಿ ತಗೋ" ಅಂದ. ಎರಡ ಸಲ ಕರಕೊಂಡ ಹೋದ, ಮುಗೀತು. ಆಮ್ಯಾಲೆ ಅವ್ವ ಗ್ವಾಡಿಗೇ ಇಬತ್ತಿ ಹಚ್ಚಿ, ಬುಡಕ ಹೂ ಇಟ್ಟು, ಹಣಿ ಆನಿಸಿ ನಿಂದರತಿದ್ದಳು.

ಹ್ವಾದ ವಾರ ಜ್ವರ ಬಂದು ಅವ್ವ ಹೋದಳು. ಅಪ್ಪನ ಮಗ್ಗಲದಾಗ ಮಣ್ಣ ಮಾಡ್ರಿ ಅಂತ ಮೊದಲಾ ಹೇಳಿದ್ದಳು. ಬಿದಿರಿನ ವಿಮಾನ ಕಟ್ಟಿ, ಹೆಣ ಅದರಾಗ ಕುಂದರಿಸಿ, ಹೂ ಹಾಕಿ, ಭಜನಿ ಮಾಡಕೋತ ಹೊತ್ತಕೊಂಡ ಹೊಂಟ್ರು. ರೂಢಿ ಪ್ರಕಾರ ಹಳೇ ದಾರಿ ಹಿಡದ್ರು, ಗ್ವಾಡಿ ಮುಂದ ಬಂದು ನಿಂತ್ರು. ಭಜನಿನೂ ನಿಂತಿತು.

"ಹೊತ್ತ ವಿಮಾನ ಹಿಂದಕ್ಕ ತಿರಗಸಾಂಗಿಲ್ಲ" ಅಂದ್ರು ಈಶ್ವರ ಕಾಕಾ.

ಬಸವಲಿಂಗ ಬೆವತು, ಜೆಸಿಬಿಗೆ ಫೋನ್ ಹಚ್ಚಿದ. ನೋಡನೋಡತಾ ಗ್ವಾಡಿ ನೆಲಕ್ಕ ಬಿತ್ತು.

"ಭಲೇ ನನ ತಮ್ಮಾ!" ಅಂತ ಎಲ್ಲಾರ ಮುಂದ ಒದರಿದೆ. "ಇದ್ದಾಗ ಒಂದ ಬಾಗಲಾ ಕೊಡಲಿಲ್ಲ, ಹೆಣಕ್ಕ ಹೈವೇ ಮಾಡಿಸಿದಿ!"

ಅಂವ ತಲಿ ತಗ್ಗಿಸಿ ಅತ್ತ. ನನಗೂ ಕನಿಕರ ಬಂತು, ಸುಳ್ಳ ಯಾಕ ಹೇಳಲಿ.

ಮೂರನೇ ದಿನ ಹಾಲು-ತುಪ್ಪ ಬಿಡಾಕ ಹೋದ್ರ, ಒಡದ ಜಾಗಾದಾಗ ಆಗಲೇ ದಾರಿ ಬಿದ್ದಿತ್ತು. ದುಂಡೇಶನ ಲೇಔಟಿನ ಸಾಲಿ ಹುಡುಗರು, ಹಾಲಿನ ಕ್ಯಾನ್ ಹಿಡದ ಯಲ್ಲಕ್ಕ, ಎಲ್ಲಾರೂ ಹಾಯ್ದು ಹೋಗಾಕತ್ತಿದ್ರು. ಬಾಜೂಕ ಹೊಸಾ ಇಟ್ಟಂಗಿ ರಾಶಿ. ಗೌಂಡಿ ಸಿಮೆಂಟ್ ಕಲಸಾಕತ್ತಿದ್ದ.

"ಪ್ಲಾಟಿನವರು ಬಾಯಿ ಮಾಡಾಕತ್ತಾರ. ಅವ್ವಂದು ಕಾರ್ಯ ಮುಗೀತಲ್ಲ ಅಕ್ಕಾ" ಅಂದ ಬಸವಲಿಂಗ.

ಸೆರಗ ನಡಕ್ಕ ಸಿಗಿಸಿ, ಆ ಜಾಗಾದಾಗ ಚಕ್ಕಮಕ್ಕಳ ಹಾಕಿ ಕುಂತೆ. ಗೌಂಡಿ ಇಬ್ಬರ ಮಾರಿನೂ ನೋಡಿದ.

"ಏಳ ಅಕ್ಕಾ, ಮಂದಿ ನೋಡಾಕತ್ತಾರ."

"ನೋಡಲಿ. ಈಗ ಆಚೆ ಇಬ್ಬರು ಅದಾರ. ಕಟ್ಟೂದಿದ್ರ ನನ್ನ ಮ್ಯಾಲೇ ಕಟ್ಟಸ."

ಕಲಸಿದ ಸಿಮೆಂಟು ಬಿಸಲಿಗೆ ಗಟ್ಟಿ ಆಗಾಕತ್ತಿತ್ತು. ನಾ ಏಳಲಿಲ್ಲ.